ಗಪ್ಪಿ ಮೀನಿನ ಮರಿಗಳು ಮಾಯ! ಗಂಡೇ ಇಲ್ಲದೆ ಮರಿ ಬಂದದ್ದು ಹೇಗೆ?

ಪ್ರಶ್ನೆ: ಮೊನ್ನೆ ರಾತ್ರಿ ನಮ್ಮ ಹಳದಿ ಬಾಲದ ಗಪ್ಪಿ ಮರಿ ಹಾಕಿತು. ಟಾರ್ಚ್ ಹಿಡಿದು ಎಣಿಸಿದೆ, 23. ಬೆಳಿಗ್ಗೆ 9, ಇವತ್ತು 4. ವಿಚಿತ್ರ ಅಂದ್ರೆ ಇದ್ದೊಂದು ಗಂಡು ಸತ್ತು ಒಂದೂವರೆ ತಿಂಗಳಾಯ್ತು!

ಉತ್ತರ 1: ತಾಯಿಯೇ ತಿಂದಿರುತ್ತೆ, ಬೇಜಾರಾಗಬೇಡಿ, ಗಪ್ಪಿಗೆ ಸ್ವಂತ ಮರಿಯೂ ಊಟವೇ. ಹೆಣ್ಣು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳುತ್ತೆ. ಹಾಗಾಗಿ ಸುಮಾರು 4 ವಾರಕ್ಕೆ ಮತ್ತೊಂದು ಸೂಲು ಬರಬಹುದು. ಅಷ್ಟರೊಳಗೆ ತೊಟ್ಟಿಯಲ್ಲಿ ಜಾವಾ ಮಾಸ್ (ನೀರಲ್ಲಿ ಬೆಳೆಯೋ ಪಾಚಿಯಂಥ ಗಿಡ) ದಟ್ಟವಾಗಿ ತುಂಬಿಸಿ. ಮರಿಗಳಿಗೆ ಅವಿತುಕೊಳ್ಳೋಕೆ ಜಾಗ ಬೇಕು. ಮರಿ ಹಾಕೋವಾಗ ತಾಯಿಯನ್ನು ಬೇರೆ ಇಡೋ ಹೆರಿಗೆ ಡಬ್ಬಿ ನನಗೆ ಸರಿಬರಲಿಲ್ಲ, ಅದರೊಳಗೆ ತಾಯಿ ಗಾಬರಿಯಿಂದ ಒದ್ದಾಡ್ತಿತ್ತು.

ಉತ್ತರ 2: ಫಿಲ್ಟರ್ ಬಾಯಿಗೆ ಸ್ಪಾಂಜ್ ಕಟ್ಟಿದ್ದೀರಾ? ನಾನು ತಾಯಿಯನ್ನು ಸುಮ್ಮನೆ ಬೈದುಕೊಂಡಿದ್ದೆ, ತೆಗೆದು ನೋಡಿದ್ರೆ ಒಳಗೆ 6 ಮರಿ.

ಪ್ರಶ್ನೆ ಕೇಳಿದವರು: ಅಯ್ಯೋ, ಈಗಷ್ಟೇ ಬಿಚ್ಚಿದೆ. 2 ಸಿಕ್ಕವು, ಜೀವ ಇದೆ! ಬೇರೆ ಬಕೆಟ್‌ಗೆ ಬಿಟ್ಟೆ. ಏನು ಹಾಕಲಿ? ಬೆಂದ ಮೊಟ್ಟೆಯ ಹಳದಿ?

ಉತ್ತರ 1: ಬೇಡ ಮಾರಾಯ್ರೇ, ಸ್ವಲ್ಪ ಹೆಚ್ಚಾದ್ರೂ ನೀರು ನಾರುತ್ತೆ. ಮೀನಿಗೆ ಹಾಕೋ ಮಾಮೂಲಿ ಫ್ಲೇಕ್ಸನ್ನೇ ಬೆರಳಲ್ಲಿ ನುಣ್ಣಗೆ ಪುಡಿ ಮಾಡಿ, ದಿನಕ್ಕೆ 3–4 ಸಲ, ಚಿಟಿಕೆಗಿಂತ ಕಡಿಮೆ. ಬಕೆಟ್‌ಗೆ ತೊಟ್ಟಿಯ ನೀರೇ ಹಾಕಿದ್ದೀರಿ ತಾನೆ?