ಕ್ಲಚ್ ಪೆಡಲ್ ಮೆತ್ತಗಾಗಿದೆ, ಹಿಡಿತ ತಿಳಿಯುತ್ತಿಲ್ಲ: ಚಿಕ್ಕಮಗಳೂರಿನವರ ಸಹಾಯ ಬೇಕು

ನಮಸ್ಕಾರ. ನನ್ನದು ಹೈಡ್ರಾಲಿಕ್ ಕ್ಲಚ್ (ಕೊಳವೆಯೊಳಗಿನ ದ್ರವದ ಒತ್ತಡದಿಂದ ಕೆಲಸ ಮಾಡುವಂಥದ್ದು) ಇರುವ ಮ್ಯಾನುಯಲ್ ಪೆಟ್ರೋಲ್ ಕಾರು. ಕೈಮರದಿಂದ ಮುಳ್ಳಯ್ಯನಗಿರಿಯತ್ತ ಏರುವಾಗ, ಅದರಲ್ಲೂ ವಾರಾಂತ್ಯದ ವಾಹನ ಸಾಲಿನಲ್ಲಿ ತಿರುವಿನಲ್ಲೇ ನಿಂತು ಮತ್ತೆ ಹೊರಡಬೇಕಾದಾಗ, ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂದು ಕಾಲಿಗೆ ಗೊತ್ತಾಗುವುದೇ ಇಲ್ಲ. ಪೆಡಲ್ ಹತ್ತಿಯಂತೆ ಮೆತ್ತಗೆ ಇಳಿಯುತ್ತದೆ. ಹಿಡಿತ ಬರುವುದು ನೆಲದ ಹತ್ತಿರ, ಅದೂ ತಟ್ಟನೆ. ಬೆಳಿಗ್ಗೆ ಪರವಾಗಿಲ್ಲ. ಎಂಜಿನ್ ಬಿಸಿಯಾದ ಮೇಲೆ ರಿವರ್ಸ್ ಗೇರ್ ಕರಕರ ಎನ್ನುತ್ತದೆ. ಹಿಂದೆ ಬಸ್ ನಿಂತಿರುವಾಗ ನಿಜಕ್ಕೂ ಭಯವಾಗುತ್ತದೆ.

ಗ್ಯಾರೇಜಿನವರು ಕ್ಲಚ್ ಸೆಟ್ ಪೂರ್ತಿ ಬದಲಿಸಿ ಎನ್ನುತ್ತಾರೆ. ನನಗೆ ಅದು ಸರಿ ಎನಿಸುತ್ತಿಲ್ಲ. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಕಾರು ಎಂಜಿನ್ನಿಗೆ ತಕ್ಕಂತೆ ಎಳೆಯುತ್ತದೆ, ಸುಟ್ಟ ವಾಸನೆಯೂ ಇಲ್ಲ. ಅಂದರೆ ಪ್ಲೇಟ್ ಜಾರುತ್ತಿಲ್ಲ. ಪೆಡಲನ್ನು ಬೇಗಬೇಗ ಕೆಲವು ಸಲ ಒತ್ತಿದರೆ ಸ್ವಲ್ಪ ಹೊತ್ತು ಬಿಗಿಯಾಗುತ್ತದೆ. ಹಾಗಾಗಿ ನನ್ನ ಅನುಮಾನವೆಲ್ಲ ಕೊಳವೆಯೊಳಗಿನ ಗಾಳಿಯ ಮೇಲೆ, ಇಲ್ಲವೇ ಹಳೆಯ ದ್ರವದ ಮೇಲೆ. ಕ್ಲಚ್ಚಿಗೂ ಹಾಕುವುದು ಬ್ರೇಕ್ ದ್ರವವನ್ನೇ. ಅದು ಕಾಲಕ್ರಮೇಣ ತೇವ ಹೀರಿಕೊಂಡರೆ ಕುದಿಯುವ ಬಿಂದು ಇಳಿಯುತ್ತದೆ, ಬಿಸಿಗೆ ಆವಿಯ ಗುಳ್ಳೆ ಎದ್ದು ಪೆಡಲ್ ಮೆತ್ತಗಾಗಬಹುದು.

ಗೇರ್‌ಬಾಕ್ಸ್ ಇಳಿಸದೆಯೇ ಮಾಸ್ಟರ್ ಸಿಲಿಂಡರ್ (ಪೆಡಲ್ ಕಡೆ ದ್ರವವನ್ನು ಒತ್ತುವುದು) ಕೆಟ್ಟಿದೆಯೋ ಸ್ಲೇವ್ ಸಿಲಿಂಡರ್ (ಆ ಒತ್ತಡದಿಂದ ಕ್ಲಚ್ ಬಿಡಿಸುವುದು) ಕೆಟ್ಟಿದೆಯೋ ಎಂದು ಪತ್ತೆ ಮಾಡುವುದು ಹೇಗೆ? ಹೊರಗೆ ಸೋರಿಕೆ ಕಾಣುತ್ತಿಲ್ಲ. ರಬ್ಬರ್ ಹೋಸ್ ಬದಲು ಉಕ್ಕಿನ ಹೆಣಿಗೆಯ ಹೋಸ್ ಹಾಕಿಸಿದವರು ಇದ್ದರೆ, ಹಿಡಿತದ ಸ್ಪಷ್ಟತೆ ನಿಜವಾಗಿ ಹೆಚ್ಚಿತೇ ತಿಳಿಸಿ. ಚಿಕ್ಕಮಗಳೂರಿನಲ್ಲಿ, ಇಲ್ಲವೇ ಹಾಸನದಲ್ಲಾದರೂ ಸರಿ, ತಾಳ್ಮೆಯಿಂದ ಬ್ಲೀಡಿಂಗ್ (ಕೊಳವೆಯೊಳಗಿನ ಗಾಳಿ ಹೊರತೆಗೆಯುವ ಕೆಲಸ) ಮಾಡಿಕೊಡುವ ಮೆಕ್ಯಾನಿಕ್ ಗೊತ್ತಿದ್ದರೆ ದಯವಿಟ್ಟು ಸಂದೇಶ ಕಳುಹಿಸಿ. ಮಳೆ ಹಿಡಿಯುವ ಮೊದಲು ಸರಿಪಡಿಸಬೇಕಾಗಿದೆ.