ಟಿವಿ ಶಾಪಿಂಗ್ ನಿರೂಪಕರು ತಾವು ಮಾರುವುದನ್ನೇ ಧರಿಸಬೇಕೇ?

ಪ್ರಶ್ನೆ:
ನಿರೂಪಕಿಯು ಒಂದು ಉಡುಪನ್ನು ಬಾಯ್ತುಂಬ ಹೊಗಳುತ್ತಾ, ತಾನು ಮಾತ್ರ ಬೇರೆಯದನ್ನು ಧರಿಸಿ ನಿಂತಿರುವುದನ್ನು ಕಂಡಾಗ ಆ ಹೊಗಳಿಕೆಯ ಮೇಲೆ ನನಗೆ ನಂಬಿಕೆ ಕುಗ್ಗುತ್ತದೆ. ಮಾರುವುದನ್ನು ಸ್ವತಃ ಧರಿಸಿ ತೋರಿಸುವುದು ಅವರ ಕರ್ತವ್ಯವಲ್ಲವೇ?

ಉತ್ತರ 1:
ಧರಿಸುವುದರಿಂದ ನಿಜವಾದ ಪ್ರಯೋಜನವಿದೆ. ಕ್ಯಾಮೆರಾ ಹತ್ತಿರದಿಂದ ತೋರಿಸಿದಾಗ ಚಿಕ್ಕ ಪದಕವೂ ಪರದೆಯ ತುಂಬ ಕಾಣಿಸುವುದರಿಂದ, ಅದು ಕೊರಳಲ್ಲಿದ್ದಾಗಲೇ ಅದರ ಗಾತ್ರ ತಿಳಿಯುತ್ತದೆ. ಬಟ್ಟೆಯಾದರೆ, ಕೈ ಎತ್ತಿದಾಗ ತೋಳು ಎಲ್ಲಿ ಬಿಗಿಯುತ್ತದೆ, ಕುಳಿತಾಗ ಎಲ್ಲಿ ಸುಕ್ಕುಗಟ್ಟುತ್ತದೆ ಎಂಬುದು ಗೊಂಬೆಗೆ ತೊಡಿಸಿದರೆ ಗೊತ್ತಾಗುವುದೇ ಇಲ್ಲ. ಬೆನ್ನ ಹಿಂದೆ ಪಿನ್ನು ಹಾಕಿ ಬಿಗಿಗೊಳಿಸಿರಬಾರದು ಎಂಬುದಷ್ಟೇ ನನ್ನ ಷರತ್ತು.

ಉತ್ತರ 2:
ಕಡ್ಡಾಯಗೊಳಿಸುವುದನ್ನು ನಾನು ಒಪ್ಪಲಾರೆ. ಹಲವು ಉಡುಪುಗಳು ಒಂದರ ಹಿಂದೊಂದು ಬರುವ ನೇರಪ್ರಸಾರದಲ್ಲಿ ಅದು ಕಷ್ಟಸಾಧ್ಯ. ಮೇಲಾಗಿ ಒಬ್ಬರ ಮೈಕಟ್ಟು ಎಲ್ಲ ಖರೀದಿದಾರರಿಗೂ ಹೊಂದುವುದಿಲ್ಲವಾದ್ದರಿಂದ ಬೇರೆ ಬೇರೆ ಅಳತೆಯ ರೂಪದರ್ಶಿಗಳೇ ಹೆಚ್ಚು ಉಪಯುಕ್ತ. ಆದರೆ “ನಾನೂ ಇದನ್ನೇ ಬಳಸುತ್ತೇನೆ” ಎಂಬ ಮಾತು ಮಾತ್ರ ಸುಳ್ಳಾಗಿರಬಾರದು. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ನ ಮಾರ್ಗಸೂಚಿಯ ಪ್ರಕಾರ, ಜಾಹೀರಾತಿನಲ್ಲಿ ಹಾಗೆ ಹೇಳಿಕೊಂಡವರು ಆ ಸಮಯದಲ್ಲಿ ನಿಜವಾದ ಬಳಕೆದಾರರಾಗಿರಲೇಬೇಕು.

ಪ್ರಶ್ನೆ ಕೇಳಿದವರು:
ಧರಿಸಿದ್ದಾರೆಯೇ ಎಂಬುದಕ್ಕಿಂತ, ಧರಿಸುತ್ತೇನೆಂದು ಹೇಳಿದ್ದು ನಿಜವೇ ಎಂಬುದನ್ನು ಇನ್ನು ಮುಂದೆ ಗಮನಿಸುತ್ತೇನೆ. ಇಬ್ಬರಿಗೂ ಧನ್ಯವಾದಗಳು.