ಸಮೋರಾ ಮಶೆಲ್ ಬಗ್ಗೆ, ಪುಟ್ಟನಿಗೂ ಭಾವನಿಗೂ

ಪುಟ್ಟಾ, ನೀನು ಬೆಳಿಗ್ಗೆ ಗ್ರೂಪಿಗೆ ಹಾಕಿದ ಫಾರ್ವರ್ಡ್ ಈಗ ಕೂತು ಓದಿದೆ. ಮೊಜಾಂಬಿಕ್‌ನ ಮೊದಲ ಅಧ್ಯಕ್ಷ ಸಮೋರಾ ಮಶೆಲ್ ಫೋಟೋ, ಕೆಳಗೆ "ಬಂದೂಕು ಹಿಡಿದು ದೇಶ ಬಿಡಿಸಿದ ಡಾಕ್ಟರ್, ಶತ್ರುವಿನ ಗುಂಡಿಗೆ ಬಲಿ" ಅಂತ. ಅದಕ್ಕೆ ಭಾವ, "ಬಂದೂಕು ಹಿಡಿದು ಬಂದವರೆಲ್ಲ ಕೊನೆಗೆ ಸರ್ವಾಧಿಕಾರಿಗಳೇ" ಅಂತ ಬರೆದಿದ್ದಾರೆ. ಇಬ್ಬರಿಗೂ ಸೇರಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಕೇಳಿ.

ಮೊದಲನೆಯದು, ಅವರು ಡಾಕ್ಟರ್ ಅಲ್ಲ. ನರ್ಸ್. ನನ್ನ ಹಾಗೆ ವಾರ್ಡಿನಲ್ಲಿ ನಿಂತು ಕೆಲಸ ಮಾಡಿದವರು. ಅದಕ್ಕೇ ನನಗೆ ಅವರ ಮೇಲೆ ಇಷ್ಟು ಅಕ್ಕರೆ.

ಹುಟ್ಟಿದ್ದು 1933ರಲ್ಲಿ, ದಕ್ಷಿಣದ ಗಾಜಾ ಪ್ರಾಂತ್ಯದ ಹಳ್ಳಿಯಲ್ಲಿ. ಅಪ್ಪ ಅಮ್ಮ ರೈತರು. ಆಗ ಅಲ್ಲಿ ಪೋರ್ಚುಗೀಸರ ಆಳ್ವಿಕೆ. ಬೆಳೆಯಬೇಕಾದದ್ದು ಹತ್ತಿ, ಅದೂ ಸರ್ಕಾರ ಹೇಳಿದ ಬೆಲೆಗೇ ಮಾರಬೇಕು. ಮುಂದೆ ಆ ಭಾಗದ ಒಳ್ಳೆಯ ನೆಲವನ್ನೆಲ್ಲ ಪೋರ್ಚುಗಲ್‌ನಿಂದ ಬಂದವರಿಗೆ ಕೊಟ್ಟರು. ಊರಿನ ಗಂಡಸರು ದಕ್ಷಿಣ ಆಫ್ರಿಕಾದ ಗಣಿಗಳಿಗೆ ಕೂಲಿಗೆ ಹೋಗುತ್ತಿದ್ದರು. ಹಾಗೆ ಹೋದ ಮಶೆಲ್ ಅವರ ಅಣ್ಣ ಬದುಕಿ ವಾಪಸ್ ಬರಲಿಲ್ಲ.

ಕಪ್ಪು ಹುಡುಗನಿಗೆ ಸಿಗಬಹುದಾದ ಒಳ್ಳೆಯ ಓದು ಅಂದರೆ ನರ್ಸಿಂಗ್. ರಾಜಧಾನಿಯ ಮಿಗೆಲ್ ಬೊಂಬಾರ್ದಾ ಆಸ್ಪತ್ರೆಯಲ್ಲಿ ಕಲಿತರು. ಬಿಳಿಯರಿಗೆ ಬೇರೆ ವಾರ್ಡು, ಕಪ್ಪು ಜನರಿಗೆ ಬೇರೆ. ಒಂದೇ ಕೆಲಸ ಮಾಡುವ ನರ್ಸುಗಳಿಗೆ ಮೈಬಣ್ಣ ನೋಡಿ ಸಂಬಳ. ಸಾಹುಕಾರನ ನಾಯಿಗೆ ಸಿಗುವ ಲಸಿಕೆ, ಔಷಧ ಅವನಿಗಾಗಿ ದುಡಿಯುವವನಿಗೆ ಸಿಗುವುದಿಲ್ಲ ಅಂತ ಅವರು ಮುಂದೆ ಹೇಳುತ್ತಿದ್ದರು. ಪುಸ್ತಕ ಓದಿ ಹುಟ್ಟಿದ ಮಾತಲ್ಲ ಅದು. ಡ್ರೆಸ್ಸಿಂಗ್ ಟ್ರೇ ಹಿಡಿದುಕೊಂಡೇ ಕಂಡದ್ದು.

1963ರಲ್ಲಿ ಒಬ್ಬ ಬಿಳಿಯ ಮೆಡಿಕಲ್ ರೆಪ್ ಅವರ ಕಿವಿಯಲ್ಲಿ ಹೇಳಿದ, ರಹಸ್ಯ ಪೊಲೀಸರ ಕಣ್ಣು ನಿನ್ನ ಮೇಲಿದೆ ಅಂತ. ಆ ಮನುಷ್ಯನೂ ಪೋರ್ಚುಗಲ್‌ನ ಸರ್ವಾಧಿಕಾರದ ವಿರೋಧಿ. ಅವನು ಸುಮ್ನೆ ಇದ್ದಿದ್ದರೆ ಕಥೆಯೇ ಬೇರೆ ಆಗುತ್ತಿತ್ತು ಅಲ್ವಾ? ಮಶೆಲ್ ದೇಶ ಬಿಟ್ಟು, ಬೋಟ್ಸ್ವಾನಾ ಹಾದು ಟಾಂಜಾನಿಯಾ ಸೇರಿದರು. ಅಲ್ಲಿ ಎದುವಾರ್ದೊ ಮೊಂಡ್ಲೇನ್ ಕಟ್ಟಿದ್ದ ಫ್ರೆಲಿಮೊ ಅನ್ನುವ ಸ್ವಾತಂತ್ರ್ಯ ಹೋರಾಟದ ಸಂಘಟನೆ ಇತ್ತು. ಮಶೆಲ್ ಅದನ್ನು ಸೇರಿ ಅಲ್ಜೀರಿಯಾದಲ್ಲಿ ಯುದ್ಧದ ತರಬೇತಿ ಪಡೆದರು. 1964ರ ಸೆಪ್ಟೆಂಬರಿನಲ್ಲಿ ಹೋರಾಟ ಶುರುವಾಯಿತು. 1969ರಲ್ಲಿ ಮೊಂಡ್ಲೇನ್ ಅವರನ್ನು ಪಾರ್ಸೆಲ್ ಬಾಂಬ್ ಇಟ್ಟು ಕೊಂದರು. ಮರುವರ್ಷ ಮಶೆಲ್ ನಾಯಕರಾದರು. ಹೆಂಡತಿ ಜೋಸಿನಾ ಕೂಡ ಹೋರಾಟಗಾರ್ತಿ. 1971ರಲ್ಲಿ ಕಾಯಿಲೆಯಿಂದ ತೀರಿಕೊಂಡಾಗ ಅವರಿಗೆ ಬರೀ 25 ವರ್ಷ. ಏಪ್ರಿಲ್ 7, ಅವರು ಹೋದ ದಿನ, ಇವತ್ತಿಗೂ ಮೊಜಾಂಬಿಕ್‌ನಲ್ಲಿ ಮಹಿಳೆಯರ ದಿನ.

ಯುದ್ಧದ ವಿವರ ಬೇಡ. 1974ರಲ್ಲಿ ಪೋರ್ಚುಗಲ್‌ನಲ್ಲಿ ಸೈನ್ಯವೇ ತಿರುಗಿಬಿದ್ದು ಸರ್ಕಾರ ಉರುಳಿತು. 1975ರ ಜೂನ್ 25ಕ್ಕೆ ಮೊಜಾಂಬಿಕ್ ಸ್ವತಂತ್ರ ಆಯಿತು.

ಈಗ ಭಾವ, ನೀವು ಕೇಳಬೇಕಾದ ಭಾಗ. ಹೊಸ ದೇಶದಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ಓದು ಬರಹ ಇಲ್ಲ. ಪೋರ್ಚುಗೀಸರು ಗಂಟುಮೂಟೆ ಕಟ್ಟಿ ಹೊರಟರು, ಡಾಕ್ಟರುಗಳೂ ಹೋದರು. ಇಡೀ ದೇಶಕ್ಕೆ ಉಳಿದದ್ದು ನೂರಕ್ಕಿಂತ ಕಡಿಮೆ ವೈದ್ಯರು. ಅಧಿಕಾರಕ್ಕೆ ಬಂದ ತಿಂಗಳಲ್ಲೇ ಮಶೆಲ್ ಆಸ್ಪತ್ರೆ, ಶಾಲೆಗಳನ್ನೆಲ್ಲ ಸರ್ಕಾರದ ಕೈಗೆ ತೆಗೆದುಕೊಂಡರು. ಆಮೇಲೆ ಲಸಿಕೆಯ ತಂಡಗಳು ಹಳ್ಳಿ ಹಳ್ಳಿಗೆ ಹೋಗಿ ದಡಾರ, ಸಿಡುಬು, ಧನುರ್ವಾಯುವಿಗೆ ಚುಚ್ಚಿದವು. ದೇಶದ ಬಹುಪಾಲು ಜನರನ್ನು ಮುಟ್ಟಿದವು. ಇನ್ನೊಂದು ಕೆಲಸ ಯಾರೂ ಹೇಳುವುದೇ ಇಲ್ಲ. ಕಂಪನಿಗಳ ನೂರೆಂಟು ಬ್ರ್ಯಾಂಡ್‌ಗಳನ್ನು ಬಿಟ್ಟು, ಅಗತ್ಯ ಔಷಧಗಳ ಚಿಕ್ಕ ಪಟ್ಟಿ ಮಾಡಿದರು. ಚೀಟಿಯಲ್ಲಿ ಮದ್ದಿನ ಮೂಲ ಹೆಸರನ್ನೇ ಬರೆಯಬೇಕು ಅಂತಾಯಿತು. ನಮ್ಮಲ್ಲಿ ಜನೌಷಧಿ ಅಂಗಡಿ ಬಂದದ್ದು ಯಾವಾಗ ಅಂತ ಯೋಚಿಸಿ. ಅವರು ಇದನ್ನು 1970ರ ದಶಕದಲ್ಲೇ ಮಾಡಿದ್ದರು. ಒಂದು ಬಾಟಲಿ ಟಾನಿಕ್‌ಗೆ ದಿನದ ಕೂಲಿ ಹಾಕುವ ಜನರನ್ನು ನೋಡುತ್ತಲೇ ತಲೆ ಬೆಳ್ಳಗಾದವಳು ನಾನು. ಆ ಪಟ್ಟಿಯ ಬೆಲೆ ನನಗೆ ಗೊತ್ತು.

ಆದರೆ ಪುಟ್ಟಾ, ನಿನ್ನ ಫಾರ್ವರ್ಡ್‌ನಲ್ಲಿ ಇನ್ನರ್ಧ ಇಲ್ಲವೇ ಇಲ್ಲ. ಒಂದೇ ಪಕ್ಷ, ಬೇರೆ ದನಿಗೆ ಜಾಗ ಇಲ್ಲ. ಭಿನ್ನಮತದವರನ್ನು "ಮರುಶಿಕ್ಷಣ" ಶಿಬಿರ ಅಂತ ಕಾಡಿನೊಳಗೆ ಕೂಡಿಹಾಕಿದರು. ಹಿಂದೆ ಫ್ರೆಲಿಮೊದ ಉಪಾಧ್ಯಕ್ಷರೇ ಆಗಿದ್ದ ಉರಿಯಾ ಸಿಮಾಂಗೊ ಅವರನ್ನು ಕೋರ್ಟಿನ ವಿಚಾರಣೆಯೂ ಇಲ್ಲದೆ ಕೊಂದರು. ಅವರ ಹೆಂಡತಿಯನ್ನೂ ಬಿಡಲಿಲ್ಲ. 1983ರಲ್ಲಿ ಛಡಿಯೇಟಿನ ಶಿಕ್ಷೆಯನ್ನು ಕಾನೂನು ಮಾಡಿದರು. ಪೋರ್ಚುಗೀಸರ ಛಡಿಯೇಟು ಕಂಡ ಜನರ ಬೆನ್ನಿಗೇ ಮತ್ತೆ! ಅದೇ ವರ್ಷ, ಪಟ್ಟಣದಲ್ಲಿ ಕೆಲಸದ ಕಾರ್ಡು ಇಲ್ಲದವರನ್ನು ಹಿಡಿದು ದೂರದ ನಿಯಾಸಾ ಪ್ರಾಂತ್ಯಕ್ಕೆ ಸಾಗಿಸಿದರು. ಎಷ್ಟೋ ಮನೆಯವರಿಗೆ ತಮ್ಮವರು ಎಲ್ಲಿಗೆ ಹೋದರು ಅಂತಲೇ ತಿಳಿಯಲಿಲ್ಲ. ಗಾಯ ಕಟ್ಟುವ ಕೈ ಇದಕ್ಕೆಲ್ಲ ಹೇಗೆ ಸಹಿ ಹಾಕಿತು ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಯುದ್ಧದ ಕಾಲ, ಬರಗಾಲ, ನಿಜ. ಆದರೂ ನಾನು ಅದನ್ನು ಮನ್ನಿಸಲಾರೆ.

ಸ್ವಾತಂತ್ರ್ಯ ಬಂದ ಮೇಲೂ ಆ ಯುದ್ಧ ಎಲ್ಲಿಂದ ಬಂತು ಅಂತಲೂ ಹೇಳಬೇಕು. ಪಕ್ಕದ ರೊಡೇಷಿಯಾದ, ಅಂದರೆ ಈಗಿನ ಜಿಂಬಾಬ್ವೆಯ, ಬಿಳಿಯರ ಸರ್ಕಾರ ರೆನಾಮೊ ಅನ್ನುವ ಬಂಡುಕೋರ ಗುಂಪನ್ನು ಹುಟ್ಟುಹಾಕಿತು. 1980ರ ನಂತರ ದಕ್ಷಿಣ ಆಫ್ರಿಕಾ ಅದನ್ನು ಸಾಕಿತು. ರೆನಾಮೊದವರು ಹುಡುಕಿ ಹುಡುಕಿ ಸುಟ್ಟದ್ದು ಯಾವುದನ್ನು? ಹಳ್ಳಿಯ ಶಾಲೆಗಳನ್ನು, ಆರೋಗ್ಯ ಕೇಂದ್ರಗಳನ್ನು. 1984ರಲ್ಲಿ ಮಶೆಲ್ ಬೇರೆ ದಾರಿಯಿಲ್ಲದೆ ಎನ್‌ಕೊಮಾಟಿಯಲ್ಲಿ ದಕ್ಷಿಣ ಆಫ್ರಿಕಾದ ಪ್ರಧಾನಿ ಬೋಥಾ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಮಶೆಲ್ ಮಂಡೇಲಾ ಪಕ್ಷದ ಹೋರಾಟಗಾರರನ್ನು ಹೊರಗೆ ಕಳಿಸಿದರು. ದಕ್ಷಿಣ ಆಫ್ರಿಕಾದವರು ರೆನಾಮೊಗೆ ನೆರವು ನಿಲ್ಲಿಸಲಿಲ್ಲ. ಆ ಯುದ್ಧ ಮುಗಿದದ್ದು 1992ರಲ್ಲಿ, ಮಶೆಲ್ ಅದನ್ನು ಕಾಣಲಿಲ್ಲ.

ಗುಂಡಿಗೆ ಬಲಿ ಅನ್ನುವುದೂ ತಪ್ಪು. 1986ರ ಅಕ್ಟೋಬರ್ 19ರ ರಾತ್ರಿ ಜಾಂಬಿಯಾದ ಸಭೆ ಮುಗಿಸಿ ವಾಪಸಾಗುವಾಗ ವಿಮಾನ ದಾರಿ ತಪ್ಪಿ, ದಕ್ಷಿಣ ಆಫ್ರಿಕಾದ ಎಂಬುಜಿನಿ ಅನ್ನುವಲ್ಲಿ ಗುಡ್ಡಕ್ಕೆ ಬಡಿಯಿತು. ಅಲ್ಲಿನ ಸ್ಮಾರಕದಲ್ಲಿ ಸತ್ತವರ ಲೆಕ್ಕಕ್ಕೆ 35 ಉಕ್ಕಿನ ಕೊಳವೆ ನಿಲ್ಲಿಸಿದ್ದಾರೆ. ಅವರಲ್ಲಿ ಒಬ್ಬರು ನಮ್ಮ ಕಾರವಾರದ ಪಕ್ಕದ ಗೋವಾದಲ್ಲಿ ಹುಟ್ಟಿದ ಅಕೀನೊ ದೆ ಬ್ರಗಾನ್ಸಾ, ಮಶೆಲ್ ಅವರ ಆಪ್ತ ಸಲಹೆಗಾರ. ದಕ್ಷಿಣ ಆಫ್ರಿಕಾದ ತನಿಖೆ ಪೈಲಟ್‌ಗಳ ತಪ್ಪು ಅಂದಿತು. ಸುಳ್ಳು ಸಿಗ್ನಲ್ ಕೊಟ್ಟು ವಿಮಾನವನ್ನು ದಾರಿ ತಪ್ಪಿಸಿದರು ಅಂತ ಸೋವಿಯತ್ ತಜ್ಞರು ಹೇಳಿದರು. ಇವತ್ತಿಗೂ ಇತ್ಯರ್ಥ ಆಗಿಲ್ಲ.

ಭಾವ, ನಿಮ್ಮ ಮಾತಿಗೆ ಉದಾಹರಣೆಗಳು ಬೇಕಾದಷ್ಟಿವೆ, ಪಕ್ಕದ ಜಿಂಬಾಬ್ವೆಯ ಮುಗಾಬೆಯೇ ಸಾಕು. ಮಶೆಲ್ ಆಡಳಿತವೂ ಸರ್ವಾಧಿಕಾರವೇ, ಅದರಲ್ಲಿ ನಿಮ್ಮ ಮಾತು ಸರಿ. ಬಂದೂಕಿಗೆ ಮೊದಲು ಅವರ ಕೈಯಲ್ಲಿ ಏನಿತ್ತು, ಕುರ್ಚಿ ಸಿಕ್ಕ ತಿಂಗಳಲ್ಲೇ ಮೊದಲು ಏನು ಮಾಡಿದರು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ ಅಂತಷ್ಟೇ ನಾನು ಕೇಳುವುದು.

ಪುಟ್ಟಾ, ನೀನು ಇದನ್ನು ಕಾಲೇಜಿನ ಗ್ರೂಪಿಗೂ ಹಾಕುವವನು ಅಂತ ನಿನ್ನಮ್ಮ ಹೇಳಿದಳು. ಡಾಕ್ಟರ್ ಅನ್ನುವುದನ್ನು ತೆಗೆದು ನರ್ಸ್ ಅಂತ ಮಾಡು, ಗುಂಡು ಅನ್ನುವುದನ್ನು ತೆಗೆ, ಸಿಮಾಂಗೊ ಹೆಸರನ್ನೂ ಸೇರಿಸು. ಆಮೇಲೆ ಹಾಕು.